ಶ್ವಾಸಕೋಶರೋಗಗಳಲ್ಲಿ ಮೂಷಕದೃಷ್ಟಾಂತ: ಒಂದು ವಿಮರ್ಶೆ

ಅಲಂಕಾರವನ್ನೂ ತರ್ಕವನ್ನೂ ಓದಿದವನಿಗೆ ಇಲಿಯ ಶ್ವಾಸಕೋಶದಲ್ಲಿ ಏನು ಕೆಲಸವೆಂದು ವಾಚಕಮಹಾಶಯರು ಕೇಳಬಹುದು. ಕೆಲಸವುಂಟೆಂಬುದೇ ಈ ಲೇಖನದ ಪ್ರತಿಜ್ಞೆ. ವಂಶವಾಹಿಯಲ್ಲಿ ವ್ಯತ್ಯಾಸವುಳ್ಳ ಇಲಿಗಳನ್ನು ಸಾಕಿ, ಅವುಗಳ ಶ್ವಾಸಕೋಶದಲ್ಲಿ ತೋರುವ ರೋಗದಿಂದ ಮನುಷ್ಯನ ಶ್ವಾಸಕೋಶರೋಗವನ್ನು ತಿಳಿಯುವ ಪದ್ಧತಿಯು ಇಂದಿನ ವೈದ್ಯವಿಜ್ಞಾನದಲ್ಲಿ ಬಹಳವಾಗಿ ಬಳಕೆಗೆ ಬಂದಿದೆ. ಒಂದನ್ನು ಕಂಡು ಅದರಂತಿರುವ ಮತ್ತೊಂದನ್ನು ಅರಿಯುವ ಈ ವ್ಯಾಪಾರವು ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಉಪಮೆ, ದೃಷ್ಟಾಂತ, ವ್ಯಾಪ್ತಿ, ಉಪಾಧಿ ಎಂಬ ಹೆಸರುಗಳಲ್ಲಿ ಪೂರ್ವಿಕರು ಇದರ ಗುಣದೋಷಗಳನ್ನು ವಿಚಾರಿಸಿರುವರು. ಪ್ರಯೋಗದ ಸತ್ಯಾಸತ್ಯವನ್ನು ನಿರ್ಣಯಿಸುವ ಅಧಿಕಾರವು ಪ್ರಯೋಗಶಾಲೆಯವರದು. ಆ ಪ್ರಯೋಗವನ್ನು ಹೇಳುವ ಕನ್ನಡದ ಮಾತು ಅದರ ಅರ್ಥವನ್ನು ಸರಿಯಾಗಿ ಹೊರುವುದೋ ಇಲ್ಲವೋ ಎಂದು ನೋಡುವ ಅಧಿಕಾರವು ಸಾಹಿತ್ಯೋಪಾಧ್ಯಾಯರದು. ಈ ಎರಡನೆಯ ಅಧಿಕಾರದಿಂದ ಮಾತ್ರ ಇಲ್ಲಿ ನಾಲ್ಕು ಮಾತುಗಳನ್ನು ಹೇಳಲಾಗುವುದು.

ಮೊದಲು ಶಬ್ದವಿಚಾರ. ಇಂಗ್ಲಿಷಿನವರು ‘ಮಾಡೆಲ್’ ಎನ್ನುವುದನ್ನು ನಮ್ಮ ವರದಿಗಾರರೂ ಪಠ್ಯಪುಸ್ತಕಕಾರರೂ ‘ಮಾದರಿ’ ಎಂದು ಬರೆಯುವರು. ಕನ್ನಡದಲ್ಲಿ ‘ಮಾದರಿ’ಗೆ ಮೂರು ಅರ್ಥಗಳು ರೂಢವಾಗಿವೆ. ರಾಶಿಯಿಂದ ತೆಗೆದು ತೋರಿಸುವ ಒಂದು ಹಿಡಿ ಕಾಳು ಮಾದರಿ. ಇತರರು ಅನುಸರಿಸಲು ತಕ್ಕುದಾದ ಶಾಲೆಯು ಮಾದರಿ ಶಾಲೆ. ದೊಡ್ಡ ಕಟ್ಟಡದ ಚಿಕ್ಕ ಪ್ರತಿಕೃತಿಯು ಮಾದರಿ. ಪ್ರಕೃತದಲ್ಲಿ ಈ ಮೂರೂ ಹೊಂದುವುದಿಲ್ಲ. ಇಲಿಯು ಮನುಷ್ಯರೆಂಬ ರಾಶಿಯಿಂದ ತೆಗೆದ ಹಿಡಿ ಕಾಳಲ್ಲ, ಅನುಸರಿಸತಕ್ಕ ಆದರ್ಶವಲ್ಲ, ಚಿಕ್ಕದಾಗಿ ಮಾಡಿದ ಮನುಷ್ಯನೂ ಅಲ್ಲ. ಆದರೂ ‘ಮಾದರಿ’ ಎಂದೊಡನೆಯೇ ಓದುವವನ ಮನಸ್ಸು ಈ ಮೂರರಲ್ಲೊಂದಕ್ಕೆ, ಬಹುಮಟ್ಟಿಗೆ ಮೂರನೆಯದಕ್ಕೆ, ಹರಿಯುವುದು.

‘ಇಲಿ’ ಎಂಬ ಮಾತಿನಲ್ಲಿಯೂ ತೊಡಕುಂಟು. ಇಂಗ್ಲಿಷಿನಲ್ಲಿ ಮೌಸ್, ರ್ಯಾಟ್ ಎಂದು ಎರಡು ಹೆಸರುಗಳುಳ್ಳ, ಜಾತಿಯಿಂದಲೇ ಬೇರೆಯಾದ, ಎರಡು ಪ್ರಾಣಿಗಳನ್ನು ನಮ್ಮ ಬರಹಗಳು ಒಂದೇ ಹೆಸರಿನಿಂದ ಕರೆಯುವುವು. ಈ ಲೇಖನದಲ್ಲಿ ಇಲಿ ಎಂದರೆ ಮನೆಯ ಚಿಕ್ಕ ಇಲಿಯೆಂದೇ ತಿಳಿಯತಕ್ಕದ್ದು. ಇನ್ನು ವಂಶವಾಹಿಯಲ್ಲಾಗುವ ವ್ಯತ್ಯಾಸಕ್ಕೆ ಪಠ್ಯಪುಸ್ತಕಗಳು ‘ಉತ್ಪರಿವರ್ತನೆ’ ಎನ್ನುವುವು. ಪತ್ರಿಕೆಗಳು ಸಾಂಕ್ರಾಮಿಕದ ಕಾಲದಿಂದ ‘ರೂಪಾಂತರಿ’ ಎಂಬುದನ್ನು ಹಿಡಿದಿವೆ. ಉತ್ಪರಿವರ್ತಿತವಾದ ಅನೇಕ ಇಲಿಗಳು ಹೊರನೋಟಕ್ಕೆ ಇತರ ಇಲಿಗಳಂತೆಯೇ ಇರುವುದರಿಂದ ಅವುಗಳಲ್ಲಿ ರೂಪಾಂತರವೇನೂ ಕಾಣದು. ಆದುದರಿಂದ ‘ಉತ್ಪರಿವರ್ತಿತ’ ಎಂಬುದೇ ಮೇಲು. ಕಿವಿಗೆ ಸ್ವಲ್ಪ ಒರಟಾದರೂ ಸುಳ್ಳು ಹೇಳುವುದಿಲ್ಲ.

‘ಮಾದರಿ’ಯ ಸ್ಥಾನದಲ್ಲಿ ಯಾವ ಶಬ್ದವನ್ನಿಡಬೇಕು? ‘ದೃಷ್ಟಾಂತ’ವೆಂದು ನನ್ನ ಅಭಿಪ್ರಾಯ. ಇದು ಆಲಂಕಾರಿಕರ ದೃಷ್ಟಾಂತವಲ್ಲ, ನೈಯಾಯಿಕರದು. ಯಾವ ವಿಷಯದಲ್ಲಿ ಲೌಕಿಕನ ಬುದ್ಧಿಯೂ ಪರೀಕ್ಷಕನ ಬುದ್ಧಿಯೂ ಸಮವಾಗಿರುವುವೋ ಅದು ದೃಷ್ಟಾಂತವೆಂಬುದು ಗೌತಮನ ಸೂತ್ರದ ತಾತ್ಪರ್ಯ. ಹೊಗೆಯಿಂದ ಬೆಂಕಿಯನ್ನು ಊಹಿಸುವಲ್ಲಿ ಅಡಿಗೆಮನೆಯನ್ನು ಎತ್ತಿ ತೋರಿಸುವುದು ಈ ಕಾರಣದಿಂದಲೇ. ಆ ಹೊಗೆಯನ್ನು ಪಂಡಿತನೂ ಕಂಡಿರುವನು, ಪಾಮರನೂ ಕಂಡಿರುವನು. ಇಲಿಯ ವಿಷಯದಲ್ಲಿ ಈ ಬುದ್ಧಿಸಾಮ್ಯವು ತಾನಾಗಿ ಇಲ್ಲ. ‘ಇಲಿಗಳಲ್ಲಿ ಶ್ವಾಸಕೋಶದ ರೋಗ ವಾಸಿಯಾಯಿತು’ ಎಂಬ ವಾಕ್ಯವನ್ನೋದಿ ಪರೀಕ್ಷಕನು ‘ಇಂಥ ತಳಿಯ, ಇಂಥ ವಂಶವಾಹಿ ಕೆಟ್ಟ ಇಲಿಯಲ್ಲಿ, ರೋಗದ ಇಂಥ ಒಂದು ಅಂಶವು ತಗ್ಗಿತು’ ಎಂದು ತಿಳಿಯುವನು. ಕೆಮ್ಮುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯು ‘ಔಷಧವು ಬಂದಿತು’ ಎಂದು ತಿಳಿಯುವಳು. ಈ ಎರಡು ಅರ್ಥಗಳ ನಡುವಣ ಅಂತರವನ್ನು ಮುಚ್ಚುವುದು ಬರೆಯುವವನ ಧರ್ಮ. ಮುಚ್ಚದಿದ್ದರೆ ಅವನು ದೃಷ್ಟಾಂತವನ್ನು ಕೊಟ್ಟಂತಾಗಲಿಲ್ಲ. ವ್ಯಾಕರಣಶುದ್ಧವಾದ ಒಂದು ಭ್ರಾಂತಿಯನ್ನು ಕೊಟ್ಟಂತಾಯಿತು.

ಇನ್ನು ವಸ್ತುವಿಚಾರ. ಧ್ವನ್ಯಾಲೋಕಕಾರನಾದ ಆನಂದವರ್ಧನನು ಲೋಕದಲ್ಲಿ ತಾನಾಗಿ ಸಂಭವಿಸುವ ಅರ್ಥವೆಂದೂ ಪ್ರೌಢೋಕ್ತಿಯ ಬಲದಿಂದ ಸಿದ್ಧವಾಗುವ ಅರ್ಥವೆಂದೂ ಭೇದವನ್ನು ಹೇಳಿರುವನು. ಉತ್ಪರಿವರ್ತಿತ ಇಲಿಗಳಲ್ಲಿಯೂ ಇಂಥದೇ ಇಬ್ಬಗೆಯುಂಟು. ಕೆಲವು ಇಲಿಗಳಲ್ಲಿ ವಂಶವಾಹಿಯು ತಾನಾಗಿ ಕೆಟ್ಟಿತು. ಸಾಕಿದವರು ಅದನ್ನು ಕಂಡು ಆ ಸಂತಾನವನ್ನು ಉಳಿಸಿಕೊಂಡರು. ಮೈಬಣ್ಣವು ಮಾಸಿದ ‘ಪ್ಯಾಲಿಡ್’ ಎಂಬ ಇಲಿಯೂ ಚರ್ಮವು ಬಿಗಿದುಕೊಂಡ ‘ಟೈಟ್‌ಸ್ಕಿನ್’ ಎಂಬ ಇಲಿಯೂ ಇಂಥವು. ಎರಡರಲ್ಲಿಯೂ ಶ್ವಾಸಕೋಶದ ವಾಯುಕೋಶಗಳ ಗೋಡೆಗಳು ನಾಶವಾಗಿ ಟೊಳ್ಳು ಹಿಗ್ಗುವ ಎಂಫಿಸೀಮಾ ರೋಗವು ಕಾಣುವುದು. ಇನ್ನು ಕೆಲವು ಇಲಿಗಳಲ್ಲಿ ಬೇಕೆಂದ ವಂಶವಾಹಿಯನ್ನೇ ಗುರಿಯಿಟ್ಟು ಕೆಡಿಸಲಾಗುವುದು. ಈ ಉಪಾಯವನ್ನು ಸಾಧಿಸಿದ ಕಪೆಕ್ಕಿ, ಇವಾನ್ಸ್, ಸ್ಮಿತೀಸ್ ಎಂಬ ಮೂವರಿಗೆ ೨೦೦೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇಂಥ ಇಲಿಗಳನ್ನು ಸಿದ್ಧಪಡಿಸುವ ವ್ಯವಸ್ಥೆಯು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲಿಯೂ ಇರುವುದು.

ತಾನಾಗಿ ಸಂಭವಿಸಿದ ಇಲಿಯೇ ಹೆಚ್ಚು ನಂಬತಕ್ಕದ್ದೆಂದು ಸಹಜವಾಗಿ ತೋರಬಹುದು. ಪ್ಯಾಲಿಡ್ ಇಲಿಯ ಕಥೆಯು ಇದಕ್ಕೆ ವಿರುದ್ಧವಾಗಿದೆ. ರಕ್ತದಲ್ಲಿರುವ ಆಲ್ಫಾ-೧ ಆಂಟಿಟ್ರಿಪ್ಸಿನ್ ಎಂಬ ರಕ್ಷಕದ್ರವ್ಯವು ಕಡಮೆಯಾದ ಮನುಷ್ಯರಲ್ಲಿ ಎಂಫಿಸೀಮಾ ಬರುವುದೆಂದು ೧೯೬೩ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಎಂಬವರು ತೋರಿಸಿದರು. ಪ್ಯಾಲಿಡ್ ಇಲಿಯ ರಕ್ತದಲ್ಲಿಯೂ ಆ ದ್ರವ್ಯವು ಕಡಮೆ, ಅದಕ್ಕೂ ಮುಪ್ಪಿನಲ್ಲಿ ಎಂಫಿಸೀಮಾ ಬರುವುದು. ಸಾದೃಶ್ಯವು ಪೂರ್ಣವಾದಂತೆ ಕಂಡಿತು. ಆದರೆ ೧೯೯೯ರಲ್ಲಿ ಆ ಇಲಿಯಲ್ಲಿ ಕೆಟ್ಟಿರುವ ವಂಶವಾಹಿಯನ್ನು ಕಂಡುಹಿಡಿದಾಗ, ಅದು ಆಂಟಿಟ್ರಿಪ್ಸಿನ್ನಿನ ವಂಶವಾಹಿಯಲ್ಲವೆಂದೂ, ಜೀವಕೋಶದೊಳಗಣ ಚಿಕ್ಕ ಚೀಲಗಳ ರಚನೆಗೆ ಸಂಬಂಧಿಸಿದ ಬೇರೊಂದೆಂದೂ ತಿಳಿದುಬಂದಿತು. ಕಾರ್ಯದಲ್ಲಿ ಸಾದೃಶ್ಯ, ಕಾರಣದಲ್ಲಿ ಭೇದ. ಮಂಜನ್ನು ಕಂಡು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಿದವನ ದೋಷವು ಇದಕ್ಕೆ ಸಮೀಪವಾದುದು.

ಉಪಮೆಗೆ ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕ ಎಂದು ನಾಲ್ಕು ಅಂಗಗಳು. ಮೂಷಕದೃಷ್ಟಾಂತದಲ್ಲಿ ಮನುಷ್ಯನ ರೋಗವು ಉಪಮೇಯ, ಇಲಿಯ ರೋಗವು ಉಪಮಾನ. ನಮ್ಮ ಬರಹಗಳಲ್ಲಿ ಲೋಪವಾಗುವುದು ಮೂರನೆಯ ಅಂಗವಾದ ಸಾಧಾರಣಧರ್ಮ. ಕಾವ್ಯದಲ್ಲಿ ಧರ್ಮಲುಪ್ತೆಯು ಶೋಭೆಯನ್ನು ತರಬಹುದು. ಮುಖವು ಚಂದ್ರನಂತೆ ಎಂದರೆ ಸಾಕು, ಯಾವುದರಲ್ಲಿ ಎಂದು ಯಾರೂ ಕೇಳರು. ಶಾಸ್ತ್ರದಲ್ಲಿ ಕೇಳಲೇಬೇಕು. ಏಕೆಂದರೆ ಭೇದಗಳು ಅಲ್ಪವಲ್ಲ. ಮನುಷ್ಯನ ಬಲಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡದಕ್ಕೆ ಎರಡು. ಇಲಿಗೆ ಬಲದಲ್ಲಿ ನಾಲ್ಕು, ಎಡದಲ್ಲಿ ಒಂದೇ. ಮನುಷ್ಯನ ಶ್ವಾಸನಾಳಗಳ ಗೋಡೆಯಲ್ಲಿ ಲೋಳೆಯನ್ನು ಸ್ರವಿಸುವ ಗ್ರಂಥಿಗಳು ಒಳಗಿನ ಕವಲುಗಳವರೆಗೂ ಇರುವುವು. ಇಲಿಯಲ್ಲಿ ಅವು ಮೇಲಿನ ದೊಡ್ಡ ನಾಳಕ್ಕೆ ಸೀಮಿತವಾಗಿರುವುವು. ಇಲಿಯು ಬಾಯಿಂದ ಉಸಿರಾಡದು. ಅದರ ಆಯುಸ್ಸು ಎರಡು ಮೂರು ವರ್ಷ. ಗೋವಿನ ಸಾದೃಶ್ಯದಿಂದ ಕಾಡಿನಲ್ಲಿ ಗವಯವನ್ನು ಗುರುತಿಸಿದವನು ಅದನ್ನು ಹಟ್ಟಿಗೆ ತಂದು ಹಾಲು ಕರೆಯಲು ಕುಳಿತುಕೊಳ್ಳುವುದಿಲ್ಲ. ಸಾದೃಶ್ಯವು ಎಲ್ಲಿಯವರೆಗೆ ಎಂಬ ಜ್ಞಾನವೂ ಸಾದೃಶ್ಯಜ್ಞಾನದ ಭಾಗವೇ.

ಈಗ ಮೂರು ಉದಾಹರಣೆಗಳನ್ನು ಪರೀಕ್ಷಿಸೋಣ. ಮೊದಲನೆಯದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗ. ಇದರಲ್ಲಿ ಶ್ವಾಸನಾಳದ ಲೋಳೆಯು ಗಟ್ಟಿಯಾಗಿ, ರೋಗಾಣುಗಳು ನೆಲೆಸಿ, ಶ್ವಾಸಕೋಶವು ಕ್ರಮವಾಗಿ ಹಾಳಾಗುವುದು. ಇದಕ್ಕೆ ಕಾರಣವಾದ ಸಿ.ಎಫ್.ಟಿ.ಆರ್. ಎಂಬ ವಂಶವಾಹಿಯು ೧೯೮೯ರಲ್ಲಿ ತಿಳಿದುಬಂದಿತು. ಮೂರೇ ವರ್ಷಗಳಲ್ಲಿ, ೧೯೯೨ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾನಿಲಯದವರು ಅದೇ ವಂಶವಾಹಿಯನ್ನು ಇಲಿಯಲ್ಲಿ ಕೆಡಿಸಿ ನೋಡಿದರು. ಇಲಿಗಳಿಗೆ ರೋಗವೇನೋ ಬಂದಿತು, ಆದರೆ ಕರುಳಿನಲ್ಲಿ. ಬಹುಪಾಲು ಮರಿಗಳು ಕರುಳು ಕಟ್ಟಿಕೊಂಡು ಸತ್ತುವು. ಶ್ವಾಸಕೋಶವು ಮನುಷ್ಯನದರಂತೆ ತಾನಾಗಿ ಕೆಡಲಿಲ್ಲ.

ಇಲ್ಲಿ ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ನೆನಪಾಗುವುದು ಉಪಾಧಿವಿಚಾರ. ಹೊಗೆಯಿದ್ದಲ್ಲಿ ಬೆಂಕಿಯೆಂಬುದು ವ್ಯಾಪ್ತಿ. ಬೆಂಕಿಯಿದ್ದಲ್ಲಿ ಹೊಗೆಯೆಂಬುದು ವ್ಯಾಪ್ತಿಯಲ್ಲ, ಏಕೆಂದರೆ ಅಲ್ಲಿ ಹಸಿ ಕಟ್ಟಿಗೆಯ ಸಂಬಂಧವೆಂಬ ಉಪಾಧಿಯುಂಟು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಈ ಇಲಿಯೂ ಕಾದ ಕಬ್ಬಿಣದ ಗುಂಡೇ. ಹಾಗಾದರೆ ಹಸಿ ಕಟ್ಟಿಗೆ ಯಾವುದು? ಶೋಧಕರು ಹುಡುಕಿದರು. ಇಲಿಯ ಶ್ವಾಸನಾಳದಲ್ಲಿ ಕ್ಲೋರೈಡನ್ನು ಹೊರಕ್ಕೆ ಬಿಡಲು ಬೇರೊಂದು ಬಾಗಿಲಿದೆಯೆಂದು ಮೊದಲು ಕಂಡರು. ೨೦೧೬ರಲ್ಲಿ ಮತ್ತೊಂದು ಅಂಶವು ಹೊರಬಿದ್ದಿತು: ಮನುಷ್ಯನ ಮತ್ತು ಹಂದಿಯ ಶ್ವಾಸನಾಳದಲ್ಲಿ ಆಮ್ಲವನ್ನು ಹೊರಸೂಸುವ ಒಂದು ಪ್ರೋಟೀನು ಇದೆ, ಇಲಿಯಲ್ಲಿ ಅದು ಇಲ್ಲವೆಂಬಷ್ಟು ಕಡಮೆ. ಆ ಪ್ರೋಟೀನನ್ನು ಉತ್ಪರಿವರ್ತಿತ ಇಲಿಯ ಶ್ವಾಸನಾಳದಲ್ಲಿ ಹುಟ್ಟುವಂತೆ ಮಾಡಿದಾಗ ಅಲ್ಲಿಯ ದ್ರವವು ಆಮ್ಲವಾಗಿ, ರೋಗಾಣುಗಳನ್ನು ಕೊಲ್ಲುವ ಶಕ್ತಿಯು ಕುಂದಿತು. ಈ ನಡುವೆ ೨೦೦೮ರಲ್ಲಿ ಅದೇ ವಂಶವಾಹಿಯನ್ನು ಕೆಡಿಸಿದ ಹಂದಿಗಳು ಸಿದ್ಧವಾಗಿದ್ದುವು. ಅವುಗಳ ಶ್ವಾಸಕೋಶವು ಕೆಲವೇ ತಿಂಗಳುಗಳಲ್ಲಿ ಮನುಷ್ಯನದರಂತೆ ಕೆಟ್ಟಿತು. ಉಪಮೆಯಾಗಿ ಸೋತ ಇಲಿಯು ವ್ಯತಿರೇಕವಾಗಿ ಗೆದ್ದಿತೆನ್ನಬೇಕು. ಅದು ರೋಗಿಯಾಗದಿದ್ದುದರಿಂದಲೇ, ಮನುಷ್ಯನು ಏಕೆ ರೋಗಿಯಾಗುವನೆಂಬುದರ ಒಂದು ಭಾಗವು ತಿಳಿಯಿತು.

ಎರಡನೆಯದು ಮೇಲೆ ಹೇಳಿದ ಆಂಟಿಟ್ರಿಪ್ಸಿನ್ನಿನ ವಿಷಯ. ಉಪಮಾನೋಪಮೇಯಗಳ ಲಿಂಗವಚನಗಳು ಬೇರೆಯಾಗುವುದೂ, ಉಪಮಾನವು ಹೀನವೋ ಅಧಿಕವೋ ಆಗುವುದೂ ಬುದ್ಧಿವಂತರಿಗೆ ಉದ್ವೇಗವನ್ನುಂಟುಮಾಡದಿದ್ದರೆ ದೋಷವಲ್ಲವೆಂದು ದಂಡಿಯ ಮತ. ಇಲ್ಲಿ ವಚನಭೇದವು ಅಕ್ಷರಶಃ ಇದ್ದಿತು. ಮನುಷ್ಯನಲ್ಲಿ ಈ ದ್ರವ್ಯಕ್ಕೆ ಒಂದೇ ವಂಶವಾಹಿ. ಪ್ರಯೋಗಗಳಲ್ಲಿ ಬಳಸುವ ಕಪ್ಪು ಇಲಿಯಲ್ಲಿ ಐದು. ಒಂದನ್ನು ಕೆಡಿಸಿದರೆ ಉಳಿದವು ಕೆಲಸವನ್ನು ಮಾಡುವುವು. ಆದುದರಿಂದ ಮನುಷ್ಯನ ಏಕವಚನಕ್ಕೆ ಇಲಿಯ ಬಹುವಚನವು ಹೊಂದಲಿಲ್ಲ. ಈ ಭೇದವು ಪರೀಕ್ಷಕರಿಗೆ ಉದ್ವೇಗವನ್ನುಂಟುಮಾಡತಕ್ಕ ಜಾತಿಯದೇ ಆಗಿದ್ದಿತು. ಕೊನೆಗೆ ೨೦೧೮ರಲ್ಲಿ ಕ್ರಿಸ್ಪರ್ ಎಂಬ ಹೊಸ ಉಪಾಯದಿಂದ ಐದನ್ನೂ ಒಟ್ಟಿಗೆ ಕೆಡಿಸಿದ ಇಲಿಯು ಹುಟ್ಟಿತು, ಅದಕ್ಕೆ ವಯಸ್ಸಾದಂತೆ ಎಂಫಿಸೀಮಾ ಬಂದಿತು. ೧೯೬೩ರಿಂದ ೨೦೧೮ರವರೆಗೆ ಐವತ್ತೈದು ವರ್ಷಗಳು! ‘ಇಲಿಯಲ್ಲಿ ತೋರಿಸಿದರು’ ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಮೂರನೆಯದು ಗೆಲವಿನ ಕಥೆ. ವಾಯುಕೋಶಗಳಲ್ಲಿ ಕೊಬ್ಬಿನಂಥ ಬಿಳಿಯ ದ್ರವ್ಯವು ತುಂಬಿಕೊಂಡು ಉಸಿರು ಕಟ್ಟುವ ಒಂದು ಅಪರೂಪದ ರೋಗವನ್ನು ವೈದ್ಯರು ೧೯೫೮ರಲ್ಲಿ ವರ್ಣಿಸಿದ್ದರು, ಕಾರಣವು ಗೊತ್ತಿರಲಿಲ್ಲ. ೧೯೯೪ರಲ್ಲಿ ಇಬ್ಬರು ಬೇರೆ ಬೇರೆ ಶೋಧಕರ ತಂಡಗಳು ರಕ್ತಕಣಗಳ ಹುಟ್ಟನ್ನು ತಿಳಿಯುವ ಉದ್ದೇಶದಿಂದ ಜಿ.ಎಂ.-ಸಿ.ಎಸ್.ಎಫ್. ಎಂಬ ಸಂದೇಶದ್ರವ್ಯದ ವಂಶವಾಹಿಯನ್ನು ಇಲಿಗಳಲ್ಲಿ ಕೆಡಿಸಿದುವು. ರಕ್ತಕ್ಕೆ ಹೇಳತಕ್ಕ ಕೇಡೇನೂ ಆಗಲಿಲ್ಲ. ಶ್ವಾಸಕೋಶದಲ್ಲಿ ಆ ಬಿಳಿಯ ದ್ರವ್ಯವು ತುಂಬಿಕೊಂಡಿತು. ಆ ಸುಳಿವನ್ನು ಹಿಡಿದು ಹುಡುಕಲಾಗಿ, ೧೯೯೯ರಲ್ಲಿ ಜಪಾನಿನ ಶೋಧಕರು ರೋಗಿಗಳ ದೇಹದಲ್ಲಿ ಅದೇ ಸಂದೇಶದ್ರವ್ಯವನ್ನು ತಡೆಗಟ್ಟುವ ಪ್ರತಿಕಾಯಗಳನ್ನು ಕಂಡರು. ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆ ದ್ರವ್ಯವನ್ನೇ ಉಸಿರಿನ ಮೂಲಕ ಕೊಟ್ಟಾಗ ರೋಗಿಗಳ ಶ್ವಾಸಕೋಶದ ಕೆಲಸವು ಉತ್ತಮಗೊಂಡಿತು. ಇಲ್ಲಿ ಉಪಮಾನವು ಮೊದಲು ಕಂಡು, ಅದರಿಂದ ಉಪಮೇಯವು ಬೆಳಗಿತು. ಸಾಧಾರಣಧರ್ಮವೂ ಸ್ಫುಟವಾಗಿದೆ: ಸಂದೇಶವು ಮುಟ್ಟದಿರುವುದು. ಭೇದವೂ ಅಷ್ಟೇ ಸ್ಫುಟ: ಇಲಿಯಲ್ಲಿ ಸಂದೇಶವೇ ಹುಟ್ಟುವುದಿಲ್ಲ, ಬಹುಪಾಲು ರೋಗಿಗಳಲ್ಲಿ ಹುಟ್ಟಿದ ಸಂದೇಶಕ್ಕೆ ದಾರಿಯಲ್ಲಿ ತಡೆಯಾಗುವುದು. ಧರ್ಮವನ್ನೂ ಭೇದವನ್ನೂ ಹೀಗೆ ಒಟ್ಟಿಗೆ ಹೇಳಬಲ್ಲ ದೃಷ್ಟಾಂತವೇ ಸದ್ದೃಷ್ಟಾಂತ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ಇಷ್ಟು ಭೇದಗಳಿರುವಾಗ ಇಲಿಯನ್ನು ಬಿಟ್ಟುಬಿಡಬಾರದೇಕೆ? ಪಂಚತಂತ್ರದಲ್ಲಿ ಮುನಿಯ ತಪೋಬಲದಿಂದ ಹುಡುಗಿಯಾದ ಇಲಿಯು ಕೊನೆಗೆ ಇಲಿಯನ್ನೇ ವರಿಸಿತು, ಸ್ವಜಾತಿಯನ್ನು ದಾಟಲಾಗದು. ಅದಕ್ಕೆ ಸಮಾಧಾನವು ಇದು. ಸಿಸ್ಟಿಕ್ ಫೈಬ್ರೋಸಿಸ್ಸಿನ ಉಪಾಧಿಯೂ ಮೂರನೆಯ ರೋಗದ ಕಾರಣವೂ ತಿಳಿದದ್ದು ಇಲಿಯಿಂದಲೇ. ಭೇದವಿರುವುದು ಉಪಮೆಯ ದೋಷವಲ್ಲ; ಭೇದವಿಲ್ಲದಿದ್ದರೆ ಉಪಮೆಯೇ ಇಲ್ಲ. ದೋಷವಿರುವುದು ಉಪಮೆಯನ್ನು ರೂಪಕವಾಗಿ ಓದುವುದರಲ್ಲಿ, ಎಂದರೆ ‘ಮನುಷ್ಯನಂತೆ ಇಲಿ’ ಎಂಬಲ್ಲಿ ‘ಮನುಷ್ಯನೇ ಇಲಿ’ ಎಂದು ಅಭೇದವನ್ನು ಆರೋಪಿಸುವುದರಲ್ಲಿ. ಇದಲ್ಲದೆ, ಪ್ರಶ್ನೆಯನ್ನು ಸರಿಯಾಗಿ ಕೇಳದೆ ಕೊಂದ ಇಲಿಯ ಪ್ರಾಣವು ವ್ಯರ್ಥವಾದ ಪ್ರಾಣವೆಂಬುದನ್ನೂ ಮರೆಯಲಾಗದು.

ಇದೆಲ್ಲ ದೂರದ ಪ್ರಯೋಗಶಾಲೆಗಳ ಮಾತಾಯಿತು, ನಮಗೇನೆಂದು ಕೇಳುವವರಿಗೆ ಈ ಲೇಖಕನು ವಾಸಿಸುವ ಹುಲಿಗಿಯ ನೆರೆಯನ್ನೇ ತೋರಿಸಬಹುದು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣನಗರವೇ ಇಂದಿನ ಕೊಪ್ಪಳ. ಆ ಕೊಪ್ಪಳಕ್ಕೂ ತುಂಗಭದ್ರೆಯ ತೀರದ ಹುಲಿಗಿಗೂ ನಡುವಣ ಗಿಣಿಗೇರಿಯ ಸುತ್ತ ಈಗ ಕಬ್ಬಿಣ ಉಕ್ಕಿನ ಕಾರ್ಖಾನೆಗಳು ನಿಂತಿವೆ. ೨೦೨೫ರ ಫೆಬ್ರವರಿಯಲ್ಲಿ ಕಾರ್ಖಾನೆಯೊಂದರ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳದಲ್ಲಿ ಬಂದ್ ನಡೆದು ಬಹುಜನರು ನೆರೆದರು. ಹೊಗೆಯೂ ದೂಳೂ ಉಸಿರಿಗೆ ಏನು ಮಾಡುವುವೆಂಬ ವಾದವು ಇಂಥಲ್ಲಿ ಬರಿಯ ಗ್ರಂಥಸ್ಥ ವಾದವಲ್ಲ. ಸಿಗರೇಟಿನ ಹೊಗೆಯನ್ನು ಇಲಿಗಳಿಗೆ ಕುಡಿಸಿದರೆ ಎಂಫಿಸೀಮಾ ಬರುವುದೆಂದೂ, ಭಕ್ಷಕಕೋಶಗಳು ಸ್ರವಿಸುವ ಎಂ.ಎಂ.ಪಿ.-೧೨ ಎಂಬ ಕಿಣ್ವದ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಿಗೆ ಅದೇ ಹೊಗೆಯಿಂದ ಆ ರೋಗವು ಬರಲಿಲ್ಲವೆಂದೂ ೧೯೯೭ರಲ್ಲಿ ಪ್ರಕಟವಾಯಿತು. ಇದನ್ನು ಹಿಡಿದು ಒಬ್ಬನು ‘ಇಲಿಯಲ್ಲಿ ಸಿದ್ಧವಾಗಿದೆ, ನಮ್ಮೂರಿನ ದಮ್ಮಿಗೆಲ್ಲ ಇದೇ ಕಾರಣ’ ಎನ್ನಬಹುದು. ಮತ್ತೊಬ್ಬನು ‘ಅದು ಇಲಿಯ ಮಾತು, ಮನುಷ್ಯರಿಗೆ ಸಲ್ಲದು’ ಎನ್ನಬಹುದು. ಇಬ್ಬರೂ ದೃಷ್ಟಾಂತವನ್ನು ಕೆಡಿಸಿದವರೇ. ಮೊದಲನೆಯವನು ಭೇದವನ್ನು ಮರೆತನು, ಎರಡನೆಯವನು ಸಾಧಾರಣಧರ್ಮವನ್ನು ಮರೆತನು. ಆ ಪ್ರಯೋಗವು ಹೇಳಿದ್ದು ಹೊಗೆಯು ಯಾವ ದಾರಿಯಿಂದ ಕೇಡನ್ನು ಮಾಡಬಲ್ಲದೆಂಬುದನ್ನು. ಈ ಊರಿನಲ್ಲಿ ಎಷ್ಟು ಮಾಡಿದೆಯೆಂಬುದನ್ನು ಇಲ್ಲಿಯ ಗಾಳಿಯನ್ನು ಅಳೆದು, ಇಲ್ಲಿಯ ಜನರ ಉಸಿರನ್ನು ಪರೀಕ್ಷಿಸಿಯೇ ತಿಳಿಯಬೇಕು.

ಕ್ಷಯದ ವಿಷಯವೂ ಹೀಗೆಯೇ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಕಪ್ಪು ಇಲಿಯ ಶ್ವಾಸಕೋಶದಲ್ಲಿ, ಮನುಷ್ಯನ ಕ್ಷಯದಲ್ಲಿ ಕಾಣುವಂತೆ ಗಂಟಿನ ನಡುಭಾಗವು ಸತ್ತು ಗಿಣ್ಣಿನಂತಾಗುವುದಿಲ್ಲ. ಬೇರೊಂದು ತಳಿಯ ಇಲಿಯಲ್ಲಿ ಅದಕ್ಕೆ ಸಮೀಪವಾದ ವಿಕಾರವಾಗುವುದು. ಆ ಭೇದಕ್ಕೆ ಸಂಬಂಧಿಸಿದ ಒಂದು ವಂಶವಾಹಿಯನ್ನು ೨೦೦೫ರಲ್ಲಿ ಗುರುತಿಸಿದರು. ‘ಕ್ಷಯದ ಇಲಿ’ ಎಂದು ಮಾತ್ರ ಬರೆದರೆ ಎರಡು ತಳಿಗಳೂ ಒಂದಾಗಿ, ಹೇಳಬೇಕಾದ ವಿಷಯವೇ ಮಾಯವಾಗುವುದು.

ಆದುದರಿಂದ ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರಿಗೂ ಅದನ್ನು ತರಗತಿಯಲ್ಲಿ ಓದಿಸುವವರಿಗೂ ಒಂದು ಸೂಚನೆಯನ್ನು ಮಾಡುವೆನು. ಮೂಷಕದೃಷ್ಟಾಂತವನ್ನು ಹೇಳುವ ವಾಕ್ಯದಲ್ಲಿ ಮೂರು ಅಂಶಗಳಿರಬೇಕು: ಯಾವ ತಳಿಯ ಇಲಿ, ಅದರಲ್ಲಿ ಯಾವ ವಂಶವಾಹಿಯು ಹೇಗೆ ಬದಲಾಗಿದೆ; ಮನುಷ್ಯನ ರೋಗದೊಡನೆ ಅದಕ್ಕೆ ಸಾಧಾರಣವಾದ ಧರ್ಮವು ಯಾವುದು; ಸಾಧಾರಣವಲ್ಲದ್ದು ಯಾವುದು. ‘ಶ್ವಾಸಕೋಶದ ರೋಗಕ್ಕೆ ಇಲಿಗಳಲ್ಲಿ ಮದ್ದು ಸಿಕ್ಕಿತು’ ಎಂಬ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು, ‘ಹೊಗೆಯಿಂದ ಎಂಫಿಸೀಮಾ ಬರುವ ಇಲಿಗಳಲ್ಲಿ ಒಂದು ಕಿಣ್ವದ ವಂಶವಾಹಿಯನ್ನು ತೆಗೆದಾಗ ವಾಯುಕೋಶದ ಗೋಡೆಗಳು ಉಳಿದುವು, ಮನುಷ್ಯನಲ್ಲಿಯೂ ಆ ಕಿಣ್ವವಿದೆ, ಆದರೆ ಇದರಿಂದ ಮನುಷ್ಯನಿಗೆ ಔಷಧವು ಸಿದ್ಧವಾಗಿಲ್ಲ’ ಎಂದು ತಿದ್ದಿಸಿದರೆ, ಒಂದು ಗಂಟೆಯಲ್ಲಿ ಅಲಂಕಾರಪಾಠವೂ ತರ್ಕಪಾಠವೂ ವಿಜ್ಞಾನಪಾಠವೂ ಆಗುವುದು. ವಾಕ್ಯವು ಉದ್ದವಾಯಿತೆಂದು ಆಕ್ಷೇಪಿಸಬಹುದು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮೊದಲಾದವರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದಾಗಿನಿಂದ ನಮ್ಮ ಭಾಷೆಯು ಇಂಥ ಭಾರವನ್ನು ಹೊರುವ ಅಭ್ಯಾಸವನ್ನು ಮಾಡಿಕೊಂಡಿದೆ. ಚಿಕ್ಕ ವಾಕ್ಯದಿಂದ ಹುಟ್ಟುವ ದೊಡ್ಡ ಆಸೆಯನ್ನು ರೋಗಿಯು ಹೊರಬೇಕಾಗುವುದಕ್ಕಿಂತ, ಉದ್ದವಾದ ವಾಕ್ಯವನ್ನು ಭಾಷೆಯು ಹೊರುವುದು ನ್ಯಾಯವಾದುದು.